ನಾಲ್ಕು ದಿನದ ಮಾತ್ರೆ

ಅಕ್ಕನನ್ನು ನೋಡಲು ಮಂಡ್ಯದಿಂದ ಗಂಡಿನ ಕಡೆಯವರು ಬಂದ ದಿನ ನಾನು ನಡುಮನೆಯಲ್ಲಿ ಬಿದ್ದೆ. ಇಷ್ಟು ಮಾತ್ರ ಖಚಿತ. ಬಿದ್ದವಳು ನಾನೇ ಆದ್ದರಿಂದ ಆಮೇಲಿನದನ್ನು ನಾನು ನೋಡಿಲ್ಲ. ಅವ್ವ ಹೇಳಿದ್ದು, ಅಕ್ಕ ಹೇಳಿದ್ದು, ವರ್ಷಗಳ ಮೇಲೆ ನಾನೇ ಸೇರಿಸಿಕೊಂಡದ್ದು ಎಲ್ಲ ಕಲಸಿಹೋಗಿವೆ. ಉಪ್ಪಿಟ್ಟಿನ ತಟ್ಟೆ ನನ್ನ ಕೈಯಿಂದ ಹಾರಿ ಗಂಡಿನ ಬಿಳಿ ಪ್ಯಾಂಟಿನ ಮೇಲೆ ಬಿತ್ತು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಅವನು ಪ್ಯಾಂಟು ಹಾಕಿದ್ದನೋ ಪಂಚೆ ಉಟ್ಟಿದ್ದನೋ ನನಗೆ ಗೊತ್ತಿಲ್ಲ.

ನಮ್ಮದು ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯ ಬದಿಯ ಊರು. ಎಪ್ಪತ್ತೈದೋ ಎಪ್ಪತ್ತಾರನೆಯ ಇಸವಿಯೋ ಇರಬೇಕು. ನನಗೆ ಹದಿನೇಳು, ಅಕ್ಕನಿಗೆ ಇಪ್ಪತ್ತು. ಅಪ್ಪ ಗದ್ದೆಯ ಜೊತೆಗೆ ಬಂಡೂರು ಕುರಿ ಸಾಕುತ್ತಿದ್ದ. ಕುರಿಯನ್ನು ಅವನು ಹಿಂದಿನಿಂದ ನೋಡುತ್ತಿದ್ದ. ಹಿಂಗಾಲುಗಳ ನಡುವೆ ಕಮಾನು ಸರಿಯಾಗಿ ಕೂತಿದ್ದರೆ ಆ ಟಗರು ಬೀಜಕ್ಕೆ, ಇಲ್ಲದಿದ್ದರೆ ಕಸಾಯಿಯವನಿಗೆ. ಒಂದು ಮರಿಯ ದವಡೆ ಸೊಟ್ಟಗಿದ್ದರೆ ಅದರ ಒಡಹುಟ್ಟಿದ್ದನ್ನೂ ಮಂದೆಯಲ್ಲಿ ಉಳಿಸುತ್ತಿರಲಿಲ್ಲ. "ಕಣ್ಣಿಗೆ ಕಾಣ್ದಿದ್ರೂ ಒಳಗೆ ಇರ್ತದೆ ಕಣ್ಲಾ" ಎಂದು ಕೊಳ್ಳಲು ಬಂದವರಿಗೆ ಹೇಳುತ್ತಿದ್ದ. ಸುತ್ತಲ ಊರಿನವರು ಅವನ ಮಾತನ್ನು ನಂಬುತ್ತಿದ್ದರು.

ನನಗೆ ಮೂರ್ಛೆ ಬರಲು ಶುರುವಾದದ್ದು ಹನ್ನೆರಡರಲ್ಲಿ. ಮೊದಲು ಉಣ್ಣೆ ಸುಟ್ಟ ವಾಸನೆ ಬರುತ್ತಿತ್ತು. ಹಿಂದೆಯೇ ಕಾರಣವಿಲ್ಲದ ಭಯ. ಆಮೇಲೆ ಎಚ್ಚರವಾದಾಗ ಬಾಯಲ್ಲಿ ರಕ್ತ, ಕೈಯಲ್ಲಿ ಯಾರೋ ತುರುಕಿದ ಬೀಗದ ಕೈ ಗೊಂಚಲು, ಮೂಗಿನ ಬಳಿ ಯಾರದೋ ಚಪ್ಪಲಿ. ಎರಡು ಮೂರು ದಿನ ಏನೂ ಬೇಡವೆನಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಅದಕ್ಕೆ ಊರಲ್ಲಿ ಗಾಳಿ ಎಂದರು, ಅದೇ ಊರಲ್ಲಿದ್ದ ಸೋದರತ್ತೆ ಕೊಬ್ಬು ಎಂದಳು.

ಮಂಡ್ಯದ ಡಾಕ್ಟರು ದಿನಕ್ಕೊಂದು ಬಿಳಿ ಮಾತ್ರೆ ಬರೆದುಕೊಟ್ಟು, ಒಂದು ದಿನವೂ ಬಿಡಬಾರದು ಎಂದರು. ನಿಮ್ಮ ಮನೆತನದಲ್ಲಿ ಬೇರೆ ಯಾರಿಗಾದರೂ ಇದೆಯಾ ಎಂದೂ ಕೇಳಿದರು. ಅದು ಬರೀ ಪ್ರಶ್ನೆ. ಅಪ್ಪನ ಕಿವಿಗೆ ಮಾತ್ರ ತೀರ್ಪಾಗಿ ಬಿತ್ತು. ವಾಪಸ್ಸು ಬರುವಾಗ ಮದ್ದೂರಿನಲ್ಲಿ ಬಸ್ಸು ಬದಲಾಯಿಸುವ ಹೊತ್ತಿಗೆ ಅವನು ಅವ್ವನ ಸೋದರಮಾವನನ್ನು ನೆನಪಿಸಿಕೊಂಡಿದ್ದ. ನಾಲೆಗೆ ಬಿದ್ದು ಸತ್ತವನು. ಕುಡಿದು ಬಿದ್ದ ಎಂದೇ ಎಲ್ಲರೂ ತಿಳಿದಿದ್ದರು.

"ಕುಡ್ದಿರ್ನಿಲ್ಲ ಕಣ್ಲೇ ಅವ್ನು. ಇದೇ ಬಂದು ಬಿದ್ದವ್ನೆ. ನಿನ್ ಕಡೆ ರಕ್ತ ಇದು" ಎಂದ ಅವ್ವನಿಗೆ, ಬಸ್ಸಿನಲ್ಲೇ, ಎಲ್ಲರಿಗೂ ಕೇಳುವಂತೆ.

ಮಾತ್ರೆಯಿಂದ ಬೀಳುವುದು ಕಡಿಮೆಯಾಯಿತು. ಜೊತೆಗೆ ತಲೆಯೂ ಕಡಿಮೆಯಾಯಿತು. ಮಗ್ಗಿ ಹನ್ನೆರಡರ ಮೇಲೆ ನಿಂತಿತು. ಕೈಯಲ್ಲಿ ಹಿಡಿದಿರುವ ಸೌಟಿಗೆ ಏನನ್ನುತ್ತಾರೆ ಎಂದು ಹುಡುಕುತ್ತಾ ನಿಂತಿರುತ್ತಿದ್ದೆ. ಮೇಷ್ಟರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಮಂಕು ಎಂದು ಕರೆದರು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ.

ಇನ್ನೊಂದನ್ನೂ ಇಲ್ಲೇ ಹೇಳಬೇಕು. ಒಂದು ಸಲ ನಾಟಿಗೆ ಹೋಗುವುದನ್ನು ತಪ್ಪಿಸಿಕೊಳ್ಳಲು ಬೇಕೆಂದೇ ಬಿದ್ದು ಕೈಕಾಲು ಅಲ್ಲಾಡಿಸಿದ್ದೆ. ಅಕ್ಕ ಪಕ್ಕದಲ್ಲಿ ಕೂತು ನೋಡಿ, "ಇವತ್ತು ಎಂಜಲು ಬರ್ನೇ ಇಲ್ವಲ್ಲಮ್ಮಿ, ಮರ್ತೋಯ್ತಾ?" ಎಂದಳು. ಅಲ್ಲಿಂದಾಚೆ ನಾನು ಬಿದ್ದಾಗಲೆಲ್ಲ ಅವಳು ಮೊದಲು ನನ್ನ ಬಾಯಿ ನೋಡುತ್ತಿದ್ದಳು.

ಮಂಡ್ಯದ ಸಂಬಂಧ ಒಳ್ಳೆಯದಾಗಿತ್ತು. ಗಂಡು ವಿ.ಸಿ. ಫಾರಂನಲ್ಲಿ, ಸರ್ಕಾರದ ಬೇಸಾಯ ಸಂಶೋಧನೆಯ ಜಾಗದಲ್ಲಿ, ಕೆಲಸದಲ್ಲಿದ್ದ. ಮಳವಳ್ಳಿಯಲ್ಲಿ ನೆಂಟರ ಮದುವೆಯಲ್ಲಿ ಅಕ್ಕ ಅವನನ್ನು ನೋಡಿದ್ದಳು, ಅವನೂ ನೋಡಿದ್ದ. ಅವಳು ಒಲೆ ಊದುವಾಗಲೂ ನಗುತ್ತಿದ್ದಳು. ನಮ್ಮ ಕಡೆ ಅಕ್ಕನನ್ನು ನೋಡಲು ಬಂದವರು ತಂಗಿಯನ್ನೂ ಕಣ್ಣಲ್ಲೇ ಅಳೆಯುತ್ತಾರೆ, ಮನೆಯ ಹೆಣ್ಣುಮಕ್ಕಳೆಲ್ಲ ತಟ್ಟೆ ಹಿಡಿದು ಹೊರಗೆ ಬರಬೇಕು. ಬರದಿದ್ದರೆ ಅವಳಿಗೇನೋ ಐಬಿದೆ ಎಂದೇ ಅರ್ಥ. ಆದ್ದರಿಂದ ಅವ್ವ ನಾಲ್ಕು ದಿನ ಮೊದಲೇ ಮಾತ್ರೆಯ ಸೀಸೆಯನ್ನು ರಾಗಿಯ ಗುಡಾಣದಲ್ಲಿ ಹುದುಗಿಸಿಟ್ಟಳು.

"ನಾಕು ದಿಸ ಬುಡು ಕಣಮ್ಮಿ. ಮೊಕ ವಸಿ ಕಳೆಯಾಗಿರ್ಲಿ. ತೂಕಡಿಸ್ಕಂಡು ತಟ್ಟೆ ಇಡ್ಕಂಡ್ರೆ ಏನಂದಾರು?"

ಹೀಗೆಂದು ಅವ್ವ ಹೇಳಿದ್ದು ನನಗೆ ನೆನಪಿದೆ. ಮಾತ್ರೆಯನ್ನು ನಾನೇ ಬಚ್ಚಲಿಗೆ ಉಗಿದದ್ದೂ ನೆನಪಿದೆ. ಎರಡೂ ನಿಜವಾಗಿರಲಾರವು. ಒಂದು ಮಾತ್ರ ಬಲ್ಲೆ: ಮೂರನೆಯ ದಿನದ ಬೆಳಿಗ್ಗೆ ಹದಿನಾರರ ಮಗ್ಗಿಯವರೆಗೆ ಹೇಳಿದೆ. ಲೋಕದ ಮೇಲಿನ ಧೂಳನ್ನು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗಿತ್ತು. ನಾನೂ ನಕ್ಕೆ. ನಾಲ್ಕನೆಯ ದಿನ ಗಂಡಿನ ಕಡೆಯವರ ಮುಂದೆ ಬಂದು ನಿಂತಾಗ ಉಣ್ಣೆ ಸುಟ್ಟ ವಾಸನೆ ಬಂತು.

ಮುಂದಿನದು ಅವ್ವ ಹೇಳಿದ್ದು. ಎಲ್ಲರೂ ಎದ್ದು ನಿಂತರಂತೆ. ಯಾರೋ ಕಬ್ಬಿಣ, ಕಬ್ಬಿಣ ಎಂದು ಕೂಗಿದರಂತೆ. ಗಂಡಿನ ತಾಯಿ ಮಾತ್ರ ಗಾಬರಿಯಾಗದೆ ಬಂದು, ನನ್ನ ತಲೆಗೆ ಸೆರಗು ಮಡಿಸಿಟ್ಟು, ಮಗ್ಗುಲಿಗೆ ಹೊರಳಿಸಿ, "ಬಾಯ್ಗೆ ಏನೂ ತುರುಕ್ಬೇಡಿ, ತಾನೇ ನಿಲ್ತದೆ" ಎಂದಳಂತೆ. ನಿಂತಿತು. ಆಕೆ ಅಪ್ಪ ಅವ್ವ ಇಬ್ಬರನ್ನೂ ಹಿತ್ತಲಿಗೆ ಕರೆದಳು. ಅಕ್ಕ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು.

"ನಮ್ಮನೇಲೂ ಒಂದದೆ" ಎಂದಳು ಆಕೆ. "ನನ್ ಎರಡ್ನೇ ಮಗ. ಹತ್ತು ವರ್ಸದಿಂದ ಆಚೆ ಬುಟ್ಟಿಲ್ಲ. ನೀವು ನಮ್ದ ಆಡ್ಬೇಡಿ, ನಾವು ನಿಮ್ದ ಆಡಲ್ಲ. ಎಣ್ಣು ನಮ್ಗೆ ಒಪ್ಗೆ."

ಅವ್ವ ಅಲ್ಲೇ ಕೈ ಮುಗಿದಳು. ಅಪ್ಪ ಕುರಿದೊಡ್ಡಿಯ ಕಡೆ ನೋಡಿದ.

"ಎರಡೂ ಕಡೆಯಿಂದ ಇದ್ರೆ ಮರಿ ಉಳಿಯಲ್ಲ ಕಣವ್ವ" ಎಂದ. "ನಾನು ನಲವತ್ತು ವರ್ಸದಿಂದ ನೋಡಿವ್ನಿ. ಬೇಡ."

"ಕುರಿ ಯಾಪಾರಕ್ಕೆ ಬಂದಿಲ್ಲ ಕಣಪ್ಪ ನಾವು" ಎಂದು ಆಕೆ ಎದ್ದು ಹೋದಳು. ಕಾಫಿ ಯಾರೂ ಕುಡಿಯಲಿಲ್ಲ.

ಎಚ್ಚರವಾದಾಗ ಅಕ್ಕ ಒಬ್ಬಳೇ ನನ್ನ ತಲೆಯ ಬಳಿ ಕೂತಿದ್ದಳು. ಅಪ್ಪ ಆಡಿದ್ದೆಲ್ಲವನ್ನೂ ಹೇಳಿದಳು. ನನ್ನ ನಾಲಿಗೆ ಹರಿದು ಬಾಯಿ ರಕ್ತವಾಗಿತ್ತು. ಅದನ್ನು ಅವಳು ನೋಡಿದಳು, ನೋಡಿದ್ದು ನನಗೆ ಗೊತ್ತು. ಆದರೂ ಕೇಳಿದಳು:

"ಬೇಕೂಂತ ಬಿದ್ದೆ ಅಲ್ವಾ?"

ಇಲ್ಲ ಎಂದು ಹೇಳಲು ನನ್ನ ಬಳಿ ಏನಿತ್ತು? ಆ ಹೊತ್ತಿನಲ್ಲಿ ನಾನು ಅಲ್ಲಿರಲೇ ಇಲ್ಲ. ಅವಳ ನಗು ಕಂಡು ಹೊಟ್ಟೆಕಿಚ್ಚು ಪಟ್ಟದ್ದು ನಿಜ. ಹಾಗಾಗಿ ಇಂದಿಗೂ ನನ್ನ ಪರವಾಗಿ ನಾನೇ ಸಾಕ್ಷಿ ಹೇಳಲಾರೆ.

ಮುಂದಿನ ವರ್ಷ ಮದ್ದೂರಿನ ಕಡೆಯಿಂದ ಸಂಬಂಧ ಬಂತು. ಅಪ್ಪ ಈ ಸಲ ಗಂಡಿನ ಮನೆತನವನ್ನು ಮೂರು ತಲೆಮಾರಿನವರೆಗೆ ವಿಚಾರಿಸಿದ. ಯಾರೂ ಬಿದ್ದಿರಲಿಲ್ಲ, ಯಾರಿಗೂ ಬುದ್ಧಿ ಕೆಟ್ಟಿರಲಿಲ್ಲ. ಅವರು ನಮ್ಮ ಮನೆತನವನ್ನು ಕೇಳಿದಾಗ, "ನಂಗೆ ಒಬ್ಳೇ ಮಗ್ಳು" ಎಂದ. ಅವರು ನೋಡಲು ಬಂದ ದಿನ ನಾನು ಕುರಿಗಳ ಜೊತೆ ಹೊಲದಲ್ಲಿದ್ದೆ. ಮದುವೆಯ ಮೂರು ದಿನ ನನ್ನನ್ನು ಅತ್ತೆಯ ಮನೆಯಲ್ಲಿ ಬಿಡೋಣವೆಂದರೆ ಅತ್ತೆ ಒಪ್ಪಲಿಲ್ಲ, ಅವಳ ಮನೆಯಲ್ಲೂ ಮದುವೆಗೆ ಬಂದವರಿದ್ದರು. ಊರಿನವರು ಬಾಯಿ ಬಿಡಲಿಲ್ಲ. ಬಾಯಿ ಬಿಡಬಾರದಂಥದ್ದು ಪ್ರತಿ ಮನೆಯಲ್ಲೂ ಒಂದೊಂದಿತ್ತು.

ಈ ಸಲ ಅವ್ವ ಮಾತ್ರೆ ತಪ್ಪಿಸಲಿಲ್ಲ. ದಿನಕ್ಕೊಂದಿದ್ದುದನ್ನು ಎರಡು ಮಾಡಿದಳು. ನುಂಗಿದೆನೋ ಇಲ್ಲವೋ ಎಂದು ಬಾಯಿ ತೆರೆಸಿ ನಾಲಿಗೆಯ ಅಡಿ ನೋಡುತ್ತಿದ್ದಳು. ಚಪ್ಪರದ ಹಸಿರು, ವಾಲಗದ ಸದ್ದು ಎಲ್ಲ ನನಗೆ ನೀರಿನ ತಳದಿಂದ ಬಂದ ಹಾಗೆ ಬಂದವು. ಹಳೇ ಸೀರೆ ಉಡಿಸಿ, ಎಲೆ ಅಡಿಕೆಯ ತಟ್ಟೆ ಕೊಟ್ಟು, ಬಂದವರಿಗೆ ಹಿಡಿದು ಸುಮ್ಮನಿರು ಎಂದಿದ್ದರು.

ಧಾರೆ ಮುಗಿದು ಅಕ್ಕ ಇನ್ನೂ ಹಸೆಮಣೆಯ ಮೇಲಿದ್ದಳು. ಗಂಡಿನ ಕಡೆಯ ಒಬ್ಬ ಮುದುಕಿ ತಟ್ಟೆಯಿಂದ ಎಲೆ ತೆಗೆದುಕೊಳ್ಳುತ್ತಾ ನನ್ನ ಗಲ್ಲ ಹಿಡಿದು ಎತ್ತಿದಳು.

"ಯಾರ ಮಗ್ಳವ್ವ ನೀನು? ಮದ್ವಣಗಿತ್ತಿ ಮೂಗೇ ಅದಲ್ಲ ನಿಂಗೂವೆ?"

ಅಕ್ಕ ತಿರುಗಿ ನೋಡಿದಳು. ಅಪ್ಪ ಕಂಬದ ಬಳಿ ನಿಂತಿದ್ದ. ತಂಗಿ ಎಂಬ ಒಂದು ಮಾತು ಸಾಕಿತ್ತು. ಕತ್ತಿಗೆ ತಾಳಿ ಬಿದ್ದಿದ್ದರೂ ಆ ಒಂದು ಮಾತಿಗೆ ಅವರು ಚಪ್ಪರದಲ್ಲೇ ಅವಳನ್ನು ಬಿಟ್ಟು ಹೋಗುತ್ತಿದ್ದರು. ನನ್ನ ನಾಲಿಗೆ ದಪ್ಪವಾಗಿ ಬಿದ್ದುಕೊಂಡಿತ್ತು. ಆದರೂ ಆಡಿತು.

"ಕುರಿ ನೋಡ್ಕಳಕ್ಕೆ ಇವ್ನಿ ಕಣಜ್ಜಿ."

"ಅಂಗಾರೆ ಇಲ್ಲೇನ್ ಮಾಡೀಯೆ? ಆಚೆ ಪಂಕ್ತೀಲಿ ಉಂಡ್ಕೊ ಓಗು" ಎಂದು ಮುದುಕಿ ಗಲ್ಲ ಬಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅಕ್ಕ ಹೇಳುವುದು ಬೇರೆ. ನಾನು ಬಾಯಿ ಬಿಟ್ಟುಕೊಂಡು ಸುಮ್ಮನೆ ನಿಂತಿದ್ದೆನಂತೆ. "ಅವ್ಳು ಕುರಿ ನೋಡ್ಕಳೋಳು" ಎಂದು ಹಸೆಮಣೆಯ ಮೇಲಿನಿಂದ ಹೇಳಿದವಳು ತಾನೇ ಅಂತೆ. ಇದನ್ನು ಅವಳು ಎರಡು ಸಲ, ಅತ್ತುಕೊಂಡು, ನನಗೆ ಹೇಳಿದ್ದಾಳೆ. ಎರಡು ಸಲವೂ ನಾನು ಒಪ್ಪಲಿಲ್ಲ. ಅವಳು ಕ್ಷಮೆ ಕೇಳಲು ನನ್ನಿಂದ ಆ ಮಾತನ್ನು ಕಿತ್ತುಕೊಳ್ಳುತ್ತಿದ್ದಾಳೆ ಎನಿಸಿತು. ಆ ಮಾತು ನನ್ನದೇ ಆಗಿರಲಿ.

ಆಮೇಲೆ ನಾನು ಹೊರಗಿನ ಪಂಕ್ತಿಯಲ್ಲಿ, ವಾಲಗದವರ ಪಕ್ಕದಲ್ಲಿ, ದೊಡ್ಡಿಗೆ ಬೆನ್ನು ಹಾಕಿ ಕೂತು ಉಂಡೆ. ಇದರಲ್ಲಿ ಮಾತ್ರ ನಮ್ಮಿಬ್ಬರ ನೆನಪೂ ಒಂದೇ. ಪಾಯಸ ಅಲ್ಲಿಯವರೆಗೆ ಬರಲಿಲ್ಲ.