ಕೊಕ್ಕೆಮ್ಮನ ಏತ

ಆರ್ಡಿತ್ ಕೆಸ್ಲರ್ ಎಂದರೆ ನಮ್ಮ ಬಯಲಿನಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಹಬ್ಬದ ಕೆಲಸಕ್ಕೆ ಬಂದವರಿಗೆಲ್ಲ ಇಲ್ಲಿ ಒಂದೊಂದು ಅಡ್ಡಹೆಸರು ಬೀಳುತ್ತದೆ. ಕ್ರೇನ್ ನಡೆಸುವ ಆರ್ಡಿತ್‌ಗೆ ಬಿದ್ದದ್ದು ಕೊಕ್ಕೆ. ಹುಡುಗರ ಬಾಯಲ್ಲಿ ಅದು ಕೊಕ್ಕೆಮ್ಮ ಆಯಿತು.

ನೆವಾಡಾದ ಈ ಬತ್ತಿದ ಕೆರೆಯಂಗಳದಲ್ಲಿ ಬೇಸಿಗೆಯ ಕೊನೆಗೆ ಕಲೆಯ ಹಬ್ಬಕ್ಕೆಂದೇ ಊರೊಂದು ಹುಟ್ಟಿ, ವಾರದಲ್ಲಿ ಮಣ್ಣಾಗುತ್ತದೆ. ಕಲಾವಿದರು ಲಾರಿಗಟ್ಟಲೆ ಮರ, ಕಬ್ಬಿಣ ಹೇರಿಕೊಂಡು ಬಂದು ತಿಮಿಂಗಿಲ ಮಾಡುತ್ತಾರೆ, ಮನೆಯಷ್ಟು ದೊಡ್ಡ ಹೂವು ಮಾಡುತ್ತಾರೆ. ಅವು ದೂರ ನಿಂತು ನೋಡಿ ಹೋಗುವಂಥವಲ್ಲ. ಹತ್ತಬೇಕು, ತಿರುಗಿಸಬೇಕು, ಒಳಗೆ ಕೂತು ಕೂಗಬೇಕು. ಅಂಥವನ್ನು ಎತ್ತಿ ನಿಲ್ಲಿಸಿದವಳು ಆರ್ಡಿತ್. ಮುರಿದಲ್ಲಿ ಬೆಸುಗೆ ಹಾಕಿದವನು ನಾನು. ಯಾವ ಶಾಲೆಯೂ ನಮಗೆ ಈ ವಿದ್ಯೆ ಕಲಿಸಲಿಲ್ಲ. ಕೈ ಸುಟ್ಟುಕೊಂಡು ಕಲಿತೆವು.

ಮೊದಲು ಅವಳು ಜಿಪ್ಸಂ ಗಣಿಯಲ್ಲಿದ್ದಳು. ಗಣಿ ಮುಚ್ಚಿದಾಗ ಗಣಿಯ ಊರೂ ಬಾಗಿಲು ಹಾಕಿತು. ಉಳಿದವರೆಲ್ಲ ಗಂಟುಮೂಟೆ ಕಟ್ಟಿದರು. ಇವಳು ಗಾಲಿಮನೆಯನ್ನು ಹೆದ್ದಾರಿಯ ಪಕ್ಕಕ್ಕೆ ಎಳೆಸಿಕೊಂಡು ಅಲ್ಲೇ ತಳವೂರಿದಳು. ಚಳಿಗಾಲದಲ್ಲಿ ಅವಳ ಬಾಗಿಲು ತಟ್ಟುತ್ತಿದ್ದುದು ಗಾಳಿ ಒಂದೇ.

ಇಷ್ಟು ವರ್ಷ ಬೇರೆಯವರ ಕನಸು ಹೊತ್ತವಳು ಈ ಸಲ ತನ್ನದೇ ಒಂದನ್ನು ಕಟ್ಟಿದಳು. ಏತದ ಹಾಗೆ ಎತ್ತರದ ಕಂಬದ ಮೇಲೆ ಉದ್ದನೆಯ ಉಕ್ಕಿನ ತೊಲೆ. ತೊಲೆಯ ಎರಡು ತುದಿಗೂ ಒಂದೊಂದು ಕುರ್ಚಿ, ಕಂಬದ ಬುಡದಲ್ಲಿ ಕಮ್ಮಾರನ ತಿದಿ. ಕೂತವರು ಮೇಲೆ ಕೆಳಗೆ ಆಡಿದರೆ ತಿದಿ ಉಸಿರೂದಿ, ಕಂಬದೊಳಗಿನ ಕೊಳವೆ ಕಹಳೆಯಂತೆ ಮೊಳಗಬೇಕು. ಒಬ್ಬರಿಂದ ಆಗದ ಆಟ.

“ಜನ ಕೂತು ಅದು ಕೂಗೋದನ್ನ ಒಂದ್ಸಲ ಕೇಳಿಬಿಟ್ರೆ ಸಾಕು ಕಣೋ ವರ್ಲ್,” ಎಂದಿದ್ದಳು ನನಗೆ. ಬೇರೇನೂ ಕೇಳಿಕೊಂಡವಳಲ್ಲ.

ಹಬ್ಬ ಶುರುವಾದ ಮಧ್ಯಾಹ್ನ ದಢೂತಿ ಗಂಡ, ಕಡ್ಡಿಯಂಥ ಹೆಂಡತಿ ಸೈಕಲ್ಲಿನಲ್ಲಿ ಬಂದರು. ಹೆಂಡತಿ ಒಂದು ಕುರ್ಚಿ ಹಿಡಿದಳು, ಗಂಡ ಇನ್ನೊಂದರಲ್ಲಿ ಕೂತ. ತೊಲೆ ದಡಕ್ಕನೆ ಅವನ ಕಡೆ ಬಿತ್ತು. ಹೆಂಡತಿ ಮೇಲೆ ನೇತಾಡಿದಳು. ಕೊಳವೆ ಒಂದು ಸಲ ಕೆಮ್ಮಿ ಸುಮ್ಮನಾಯಿತು.

“ರೀ, ನೆಲಕ್ಕೆ ಕಾಲು ಕೊಟ್ಟು ಒದೀರಿ!”

“ಒದೀತಾನೇ ಇದೀನಿ ಕಣೇ. ನೀನು ಒಂದಿಷ್ಟು ತಿಂದಿದ್ರೆ ಈ ಗತಿ ಬರ್ತಿತ್ತಾ?”

“ನನ್ನ ಪಾಲಿಂದೂ ನೀವೇ ತಿಂದ್ರಲ್ಲ!”

ಆರ್ಡಿತ್ ನಗಲಿಲ್ಲ. ಮುಖ ಈ ಬಯಲಿನ ಬಿಳಿ ಧೂಳಿಗಿಂತ ಬಿಳಿಚಿಕೊಂಡಿತ್ತು.

“ಯಾರನ್ನು ಕೂರಿಸಿ ನೋಡಿದ್ದೆ?” ಎಂದೆ.

“ಮರಳು ಮೂಟೇನ. ಎರಡು ಕಡೇನೂ ಸಮ ತೂಕ.”

“ಮನುಷ್ಯರನ್ನ?”

“ಮನುಷ್ಯರನ್ನ ಎತ್ತಬಾರ್ದಲ್ವೇನೋ!”

ತಪ್ಪು ಎಲ್ಲಿಯದೆಂದು ಆಗ ತಿಳಿಯಿತು. ಕೊಕ್ಕೆಗೆ ಸರಕು ತಗುಲಿಸಬೇಕು, ಜೀವ ತಗುಲಿಸಬಾರದು ಎನ್ನುವುದು ಕ್ರೇನಿನವರ ಮೊದಲ ಕಟ್ಟಳೆ. ಅದು ಅವಳ ಮೂಳೆಗಿಳಿದುಹೋಗಿತ್ತು. ಆಟದ ತೊಲೆಯನ್ನೂ ಅವಳು ಸರಕು ಎತ್ತುವ ತೊಲೆಯಂತೆಯೇ ತೂಗಿ, ಕುರ್ಚಿಗಳನ್ನು ತುದಿಗೆ ಬೆಸೆದುಬಿಟ್ಟಿದ್ದಳು. ಒಬ್ಬರು ದಪ್ಪ ಒಬ್ಬರು ಸಣ್ಣ ಬಂದರೆ ಏನು ಗತಿ ಎಂದು ಹೇಳುವುದಕ್ಕೆ ಅವಳ ಅಂಗಳದಲ್ಲಿ ಎರಡನೆಯ ಮನುಷ್ಯನೇ ಇರಲಿಲ್ಲ.

“ಬಿಚ್ಚಿಹಾಕೋಣ,” ಎಂದಳು. “ನನ್ನ ಕೈಲಿ ಎತ್ತೋದಷ್ಟೇ ಆಗೋದು.”

“ಬಾಯ್ಮುಚ್ಕೊಂಡು ಆ ಕಡೆ ಹಿಡ್ಕೋ,” ಎಂದೆ.

ಕುರ್ಚಿಯ ಬೆಸುಗೆ ಕತ್ತರಿಸಿ, ತೊಲೆಯ ಮೇಲೆ ಹಿಂದೆ ಮುಂದೆ ಜಾರುವಂತೆ ಕಬ್ಬಿಣದ ಪಟ್ಟಿ ತೊಡಿಸಿದೆವು. ಬೇಕಾದಲ್ಲಿ ಗೂಟ ಸಿಕ್ಕಿಸಿದರೆ ನಿಲ್ಲುತ್ತದೆ. ಭಾರದವರು ನಡುವಿನ ಕಡೆ ಸರಿಯಬೇಕು, ಅಷ್ಟೆ. ಬಂದ ಜೋಡಿ ಹೋಗಲಿಲ್ಲ. ಲಾರಿಯ ನೆರಳಲ್ಲಿ ಕೂತು ನಮಗೆ ಉಪ್ಪುನೀರಿನ ಸೌತೆಕಾಯಿ ಕೊಡುತ್ತಿದ್ದರು. ಇಲ್ಲಿ ಮಾರುವುದು ಕೊಳ್ಳುವುದು ಇಲ್ಲ, ಕೊಡುವುದೊಂದೇ.

ಮುಗಿದ ಮೇಲೆ ಗಂಡ ಕೂತು, ಒಳಕ್ಕೆ ಸರಿದು, ಇನ್ನೂ ಸರಿದ. ಆರ್ಡಿತ್ ಅವನಿಗೆ ಕೈಸನ್ನೆ ಮಾಡುತ್ತಿದ್ದಳು. ಮುಷ್ಟಿ ಬಿಗಿದರೆ ನಿಲ್ಲು ಎಂದರ್ಥ. ಕ್ರೇನಿನವರ ಸನ್ನೆ ಅವನಿಗೇನು ಗೊತ್ತು? ಆದರೂ ನಿಂತ. ಹೆಂಡತಿ ಅತ್ತ ಒದ್ದಳು. ತೊಲೆ ಏರಿತು, ಇಳಿಯಿತು, ಮತ್ತೆ ಏರಿತು.

ಕೊಳವೆ ಕೂಗಿತು. ಹಟ್ಟಿ ಬಿಟ್ಟ ಹಸು ಕರುವನ್ನು ಕರೆದಂಥ ಧ್ವನಿ. ಬಯಲಿನಲ್ಲಿ ಹೋಗುತ್ತಿದ್ದ ಸೈಕಲ್ಲುಗಳು ಒಂದೊಂದಾಗಿ ಇತ್ತ ತಿರುಗಿದವು. ಸಂಜೆಯ ಹೊತ್ತಿಗೆ ಕುರ್ಚಿಗೆ ಜನ ಸಾಲು ಹಚ್ಚಿದ್ದರು. ತೆಳ್ಳಗಿನವರು ದಪ್ಪನವರನ್ನು ಹುಡುಕಿಕೊಂಡು ಓಡಾಡಿದರು.

ಆರ್ಡಿತ್ ಸೊಂಟದ ಮೇಲೆ ಕೈಯಿಟ್ಟು ಕೇಳುತ್ತ ನಿಂತಿದ್ದಳು.

“ಇದನ್ನ ಕಟ್ಟಿದ್ದು ಯಾರು?” ಯಾರೋ ಕೇಳಿದರು.

“ಇಗೋ, ಕೊಕ್ಕೆಮ್ಮ,” ಎಂದೆ.

ಕುರ್ಚಿಯೊಂದು ಖಾಲಿಯಾಯಿತು. ಎದುರು ಕುರ್ಚಿಯಲ್ಲಿದ್ದ ಆ ಸಣಕಲು ಹೆಂಗಸು ಕೈ ಬೀಸಿದಳು. “ಬನ್ನಿ ಕೊಕ್ಕೆಮ್ಮಾ, ನೀವೂ ಕೂತ್ಕೊಳ್ಳಿ! ನನ್ನ ತೂಕಾನೇ ಇದೀರ, ಜಾರ್ಸೋದೂ ಬೇಡ.”

ಆರ್ಡಿತ್ ಒಂದು ಹೆಜ್ಜೆ ಇಟ್ಟಳು. ಆಮೇಲೆ ಕೆಲಸಕ್ಕೆ ಕರೆ ಬರುವ ಸೊಂಟದ ರೇಡಿಯೊ ಮುಟ್ಟಿ, “ಕರೀತಿದಾರೆ, ಹೋಗ್ಬೇಕು,” ಎಂದು ಕ್ರೇನಿನ ಕಡೆ ನಡೆದಳು.

ನನ್ನ ಸೊಂಟದಲ್ಲೂ ಅದೇ ರೇಡಿಯೊ ಇತ್ತು. ಯಾರೂ ಕರೆದಿರಲಿಲ್ಲ.