ದಾರಿ ಕೇಳುತ್ತಿದ್ದ ಟೈರಂಗಡಿಯವರು

ಉಕ್ಕಡಂನ ಟೈರಂಗಡಿಯ ಆ ಮುದುಕರು ಹೊರೆ ಎಷ್ಟು ಎಂದು ಮೊದಲು ಕೇಳುತ್ತಿರಲಿಲ್ಲ. ಹಳೆಯ ಟೈರಿನ ಸಂದುಗಳಿಂದ ಮಣ್ಣು ಕೆದಕಿ, ಅಂಗೈಯಲ್ಲಿ ಉಜ್ಜುತ್ತ, "ದಾರಿ ಹೇಳು ಸಾಮಿ" ಎಂದು ಕಣ್ಣು ಮುಚ್ಚುತ್ತಿದ್ದರು.

ನನ್ನ ಲಾರಿ ನೆಗಮಂ ಕಡೆಯ ತೋಪುಗಳಿಂದ ತೆಂಗಿನಕಾಯಿ ತರುತ್ತಿತ್ತು. ಅರ್ಧ ದಾರಿ ತಾರು, ಇನ್ನರ್ಧ ಕೆಮ್ಮಣ್ಣು. ನಾನು ಹೇಳುತ್ತ ಹೋದಂತೆ ತಿರುವು ಬಂದಲ್ಲೆಲ್ಲ ಅವರ ತಲೆ ವಾಲುತ್ತಿತ್ತು. ಹಳ್ಳ ದಾಟುವಾಗ ಮುಖಕ್ಕೆ ತಂಪು ತಾಗಿದಂತೆ ಕಾಣುತ್ತಿತ್ತು. ತೋಪು ಮುಟ್ಟಿದ ಮೇಲೆ ಕಣ್ಣು ತೆರೆದು, ತಾರಿಗೂ ಮಣ್ಣಿಗೂ ಆಗುವ ದಪ್ಪ ಉಬ್ಬುಗಳ ಟೈರನ್ನು ಉರುಳಿಸಿ ತರುತ್ತಿದ್ದರು.

ಕೊನೆಯ ಸಲ ಹೋದಾಗ, ತೋಪಿನ ಒಳಗಿನವರೆಗೂ ಈಗಷ್ಟೇ ತಾರು ಹಾಕಿದ್ದಾರೆ ಎಂದೆ. ಅವರು ಅಂಗೈಯಲ್ಲಿ ಉಜ್ಜುತ್ತಿದ್ದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

"ಹಳೇ ದಾರೀನೇ ಇನ್ನೊಂದು ತಡವೆ ಹೇಳು ಸಾಮಿ."

ತಿರುವು, ಹಳ್ಳ, ಕೆಮ್ಮಣ್ಣು ಎಲ್ಲವನ್ನೂ ನಿಧಾನವಾಗಿ ಹೇಳಿದೆ. ಆಮೇಲೆ ಅವರು ಎದ್ದು, ಬರೀ ತಾರು ರಸ್ತೆಗೆ ಆಗುವ ಟೈರನ್ನು ಒಂದೇ ಕೈಯಲ್ಲಿ ಉರುಳಿಸಿ ತಂದರು. ಅದರ ಸಣ್ಣ ಗೆರೆಗಳ ಮೇಲೆ ಬೆರಳಾಡಿಸಿ, "ಇದ್ರಲ್ಲಿ ಮಣ್ಣು ನಿಲ್ಲಲ್ಲ" ಎಂದರು.

ಟೈರು ಹಾಕಿಸಿಕೊಂಡು ಹೊರಟೆ. ಕನ್ನಡಿಯಲ್ಲಿ ಅವರು ಬಾಗಿಲಲ್ಲೇ ನಿಂತಿದ್ದು ಕಾಣಿಸಿತು. ಹಳೆಯ ಟೈರಿನಿಂದ ಕೆದಕಿದ ಮಣ್ಣು ಹಿಡಿದ ಆ ಮುಷ್ಟಿಯನ್ನು ಅವರಿನ್ನೂ ಬಿಚ್ಚಿರಲಿಲ್ಲ.