ತಾಮ್ರಕ್ಕೆ ಅಂಟಿದ ಅರಿವಿ

"ಚೀಲದಾಗ ಹಾಳೂರ ಸಾಮಾನ ಏನರ ಅದಾವೇನ್ರಿ?"

ಗುಡಗೇರಿಯಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಡಲು ಒಪ್ಪಿದ್ದ ನೀಲವ್ವ ಮೊದಲ ದಿನ ಹೊಸ್ತಿಲಲ್ಲೇ ತಡೆದು ಕೇಳಿದ ಮಾತು ಇದು. ಮೀಟರ್ ಗೇಜ್ ರೈಲಿನಲ್ಲಿ ಮೈಸೂರಿನಿಂದ ಬರುವಾಗ ಹೆಸರು, ಜಾತಿ, ಮದುವೆ ಕೇಳಿದರೆ ಹೇಳಲು ಉತ್ತರ ಸಿದ್ಧಮಾಡಿಕೊಂಡಿದ್ದೆ. ಇಂಥ ಪ್ರಶ್ನೆ ಬರಬಹುದೆಂದು ಎಣಿಸಿರಲಿಲ್ಲ. ಜನ ಬಿಟ್ಟುಹೋದ ಹಳೆಯ ಊರಿನ ದಿಬ್ಬಕ್ಕೆ ಇಲ್ಲಿ ಹಾಳೂರು ಎನ್ನುತ್ತಾರೆ. ಅಲ್ಲಿಯ ಚೂರು ಮನೆಯೊಳಗೆ ಬಂದರೆ ಅದರ ಹಿಂದೆ ಅದರ ಒಡೆಯರೂ ಬರುತ್ತಾರೆಂಬುದು ನೀಲವ್ವನವರ ನಂಬಿಕೆ.

ನಾನು ಬಂದದ್ದೇ ಆ ಚೂರುಗಳಿಗಾಗಿ. ಈ ಎರೆಭೂಮಿಯ ಮೊದಲ ಜನ ಹೇಗೆ ನೂತರು, ಹೇಗೆ ನೇಯ್ದರು ಎಂಬುದು ನನ್ನ ಅಧ್ಯಯನ. ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಅದು ಬಿಟ್ಟುಹೋದ ಗುರುತನ್ನು ಹುಡುಕಬೇಕು. ಕದಿರಿಗೆ ಸಿಕ್ಕಿಸುತ್ತಿದ್ದ ಸುಟ್ಟ ಮಣ್ಣಿನ ಬಿಲ್ಲೆಯೋ, ಹಸಿ ಮಡಕೆಯ ಮೇಲೆ ಒತ್ತಿ ಕುಳಿತ ನೇಯ್ಗೆಯ ಅಚ್ಚೋ ಸಿಕ್ಕರೆ ಪುಣ್ಯ. ಅಂಥದ್ದನ್ನೆಲ್ಲ ದನದ ಕೊಟ್ಟಿಗೆಯಲ್ಲಿಡುತ್ತೇನೆಂದು ಒಪ್ಪಿಕೊಂಡ ಮೇಲೆ ಒಳಗೆ ಬಿಟ್ಟರು.

ಕನ್ನಡದವಳು ಕನ್ನಡದ ಊರಿಗೆ ಹೋದರೆ ಭಾಷೆಯ ಕಷ್ಟವೇನು ಎಂದು ಮೈಸೂರಿನಲ್ಲಿ ಕುಳಿತ ನೀವು ನಗಬಹುದು. ಇಲ್ಲಿ ಬಟ್ಟೆ ಅಂದರೆ ಅರಿವಿ, ಮರ ಅಂದರೆ ಗಿಡ. ಗಿಡದ ನೆರಳಿಗೆ ಕೂಡ್ರಿ ಎಂದಾಗ ನಾನು ಮೊಣಕಾಲೆತ್ತರದ ಹತ್ತಿಗಿಡಗಳನ್ನು ನೋಡುತ್ತ ನಿಂತಿದ್ದೆ. ಮುದ್ದೆ ನುಂಗಿ ಬೆಳೆದ ನನಗೆ ಜೋಳದ ರೊಟ್ಟಿ ಅಗಿದು ದವಡೆ ನೋಯುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು ಬಯಲು. ನಮ್ಮಲ್ಲಿ ಕಣ್ಣಿಗೆ ಬೆಟ್ಟವೋ ತೋಪೋ ಅಡ್ಡ ಸಿಗುತ್ತದೆ. ಇಲ್ಲಿ ನೋಟ ಹೋಗುತ್ತಲೇ ಇರುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ದೂರದ ಹೊಲದಲ್ಲಿ ಯಾರೋ ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಯಾರೂ ಇರುವುದಿಲ್ಲ. ಒಮ್ಮೆ ಹಾಗೆ ಹೋಗಿ ಹೆದರಿ ಮರಳಿದೆ. ಅಂದು ನೀಲವ್ವ ಗೌರವದ 'ಅಕ್ಕಾರ' ಎನ್ನುವುದನ್ನು ಬಿಟ್ಟು, "ಉಣ್ಣಾಕ ಬಾ ಬೇ" ಎಂದರು. ಸಲಿಗೆಯ ಆ 'ಬೇ' ಕೇಳಿ, ಊರು ನನ್ನನ್ನು ಸ್ವಲ್ಪ ಒಳಗೆ ಬಿಟ್ಟುಕೊಂಡಿತು ಅನ್ನಿಸಿತು.

ಬೇಸಿಗೆಯಲ್ಲಿ ನೀಲವ್ವನವರ ಮೈದುನ ಬಸಪ್ಪ ಹೊಲದ ಒಡ್ಡು ಅಗೆಯುವಾಗ ಮಡಕೆಯೊಂದು ಸಿಕ್ಕಿತು. ನನ್ನನ್ನು ಕರೆಸಿದ. ಒಳಗೆ ಎಳೆಯ ಕೂಸಿನ ಎಲುಬುಗಳಿದ್ದವು. ಜೊತೆಗೊಂದು ತಾಮ್ರದ ಬಳೆ, ಕಿಲುಬು ಹಿಡಿದು ಹಸಿರಾಗಿತ್ತು. ಭೂತಗನ್ನಡಿ ಹಿಡಿದೆ. ಆ ಕಿಲುಬಿನೊಳಗೆ ಬಟ್ಟೆಯಿತ್ತು. ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ಯಾರೋ ನೂತು, ನೇಯ್ದು, ಕೂಸಿಗೆ ಸುತ್ತಿದ್ದರು. ತಾಮ್ರ ತಾಗಿದಷ್ಟು ಜಾಗದಲ್ಲಿ ಅದು ಸಾವಿರಾರು ವರ್ಷ ಉಳಿದಿತ್ತು.

ಬುತ್ತಿ ತಂದ ನೀಲವ್ವ ನನ್ನ ಬೆನ್ನ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

"ಇದು ನನ್ನ ಕೂಸೇನು?" ಎಂದರು.

ಅವರಿಗೊಂದು ಹೆಣ್ಣುಕೂಸು ಹುಟ್ಟಿ, ಹೆಸರಿಡುವ ಮುಂಚೆಯೇ ತೀರಿಕೊಂಡಿದ್ದು ಆಗಷ್ಟೇ ನನಗೆ ತಿಳಿಯಿತು. ಬಾಣಂತಿಯನ್ನು ಹೊರಗೆ ಬಿಡಬಾರದೆಂದು ಗಂಡ ತಾನೇ ಒಯ್ದು ಈ ಹೊಲದಲ್ಲಿ ಹುಗಿದು ಬಂದಿದ್ದರು. ಎಲ್ಲಿ ಎಂದು ಹೇಳದೆಯೇ ಅವರೂ ಸತ್ತರು.

"ಅಲ್ಲ ವೈನಿ," ಎಂದ ಬಸಪ್ಪ, ಅತ್ತಿಗೆಯ ಮುಖ ನೋಡದೆ. "ನಮ್ಮ ಕೂಸು ಆ ಬೇವಿನ ಗಿಡದ ಬುಡಕ್ಕೈತಿ. ಆವತ್ತ ಅಣ್ಣನ ಜೋಡಿ ನಾನೂ ಬಂದಿದ್ದೆ. ಹೇಳಿದ್ರ ನೀವು ಅಲ್ಲೇ ಕುಂತಬಿಡತೀರಿ, ಹೇಳಬ್ಯಾಡ ಅಂದಿದ್ದ."

ಇಷ್ಟು ವರ್ಷ ಸುಗ್ಗಿಯಲ್ಲಿ ನೀಲವ್ವ ಬುತ್ತಿ ಬಿಚ್ಚಿ ಉಂಡದ್ದು ಆ ಬೇವಿನ ಕೆಳಗೇ. ಅವರು ಅಳಲಿಲ್ಲ. ನನ್ನ ಕೈಯಿಂದ ಭೂತಗನ್ನಡಿ ತೆಗೆದುಕೊಂಡು ಬಳೆಯ ಮೇಲೆ ಹಿಡಿದರು.

"ಈ ಕೂಸಿನ ಅರಿವಿ ಉಳದೈತಿ. ನಾನೂ ನನ್ನ ಸೀರಿ ಹರದು ಸುತ್ತಿ ಕೊಟ್ಟಿದ್ದೆ. ಅದೂ ಉಳದಿರತೈತೇನ?"

ಎರೆಮಣ್ಣು ಹತ್ತಿಯ ಅರಿವಿಯನ್ನು ಕೆಲವೇ ಮಳೆಗಾಲಗಳಲ್ಲಿ ತಿಂದುಬಿಡುತ್ತದೆಂದು ಓದಿದವಳು ನಾನು. "ಇಲ್ಲ ಅವ್ವ. ತಾಮ್ರ ಇದ್ದದ್ದಕ್ಕೆ ಇದು ಉಳಿಯಿತು," ಎಂದೆ.

"ಹಂಗಾರ ಅದಕ್ಕ ಥಂಡಿ ಆಗಿರತೈತಿ," ಎಂದರು.

ಮರುದಿನವೇ ಕೌದಿ ಹೊಲಿಯಲು ಕುಳಿತರು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ ಅದು. ಅವರು ಹೊಲಿದದ್ದು ತೊಟ್ಟಿಲಿಗಾಗುವಷ್ಟೇ ದೊಡ್ಡದು. ಮುಗಿದ ಮೇಲೆ ಬೇವಿನ ಬುಡದಲ್ಲಿ ಬಸಪ್ಪ ಮೇಲ್ಮಣ್ಣು ಸರಿಸಿ ಕೊಟ್ಟ. ಅವರು ಕೌದಿ ಹಾಸಿ ಮಣ್ಣು ಎಳೆದರು. ನಾನು ಒಡ್ಡಿನ ಮೇಲೆ ನಿಂತಿದ್ದೆ. ಬಾ ಎಂದು ಅವರು ಕರೆಯಲಿಲ್ಲ, ನಾನಾಗಿ ಹೋಗುವ ಧೈರ್ಯವೂ ಬರಲಿಲ್ಲ.

ಧಾರವಾಡದಿಂದ ನನ್ನ ಅಧ್ಯಯನದ ಮಾರ್ಗದರ್ಶಕರಾದ ಪ್ರಾಧ್ಯಾಪಕರು ಜೀಪಿನಲ್ಲಿ ಬಂದು ಮಡಕೆ, ಎಲುಬು, ಬಳೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಒಯ್ದರು. ನನ್ನ ಬೆನ್ನು ತಟ್ಟಿದರು. ಜೀಪು ಹೋದ ಮೇಲೆ ನೀಲವ್ವ ಕೇಳಿದರು:

"ನಾಳಿ ಅದರ ಅವ್ವ ಹುಡಕ್ಕೋತ ಬಂದ್ರ ಏನ ಹೇಳೂದು?"

"ಇಷ್ಟು ವರ್ಷವಾದ ಮೇಲೆ ಯಾರು ಬರ್ತಾರೆ ಅವ್ವ?"

"ನಾ ಹೋಗತಿದ್ದೆ," ಎಂದರು. "ಜಾಗಾ ಗೊತ್ತಿದ್ರ."

ಆ ಬಳೆಯಿಂದಾಗಿ ಈಗ ಮೈಸೂರಿನಲ್ಲೇ ನನಗೆ ಕೆಲಸ ಸಿಗುವಂತಿದೆ. ಅಮ್ಮ ದಿನ ಎಣಿಸುತ್ತಿದ್ದಾರೆ. ದಸರಾ ರಜೆಗೆ ಮನೆಗೆ ಹೋಗಿದ್ದಾಗ ಒಂದು ದಿನ ಬೀದಿಯವರೆಲ್ಲ ನೆರೆಮನೆಯ ಹೊಸ ಟಿ.ವಿ. ಮುಂದೆ ಸೇರಿದ್ದರು. ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಹೊರಗೆ, ಏನನ್ನೋ ಹುಡುಕಿಕೊಂಡು ಬಂದಂಥ ಹೆಣ್ಣುದನಿಯೊಂದು ಒಳಗೆ ಯಾರಿದ್ದೀರಿ ಎಂದು ಕೇಳಿದಂತಾಯಿತು.

"ಅದೀನ್ರಿ, ಬಂದೆ," ಎಂದೆ, 'ಇದ್ದೇನೆ' ಅನ್ನುವ ಬದಲು ಅಗದಿ ಗುಡಗೇರಿಯ ಮಾತಿನಲ್ಲಿ.

ಅಮ್ಮ ಬಾಗಿಲಿಗೆ ಹೋಗಿ ನೋಡಿ ಬಂದರು. "ಯಾರೂ ಇಲ್ಲವಲ್ಲೇ. ಯಾರ ಹತ್ತಿರ ಮಾತಾಡ್ತಿದ್ದೀಯ, ಅದೂ ಆ ಭಾಷೆಯಲ್ಲಿ?"

ಏನೂ ಇಲ್ಲ ಎಂದೆ. ಕೈ ತೊಳೆದು, ಆದರೂ ಗೇಟಿನವರೆಗೆ ಹೋಗಿ, ಬೀದಿಯ ಎರಡೂ ಕಡೆ ನೋಡಿದೆ.